ಆರ್ಕಿಟೆಕ್ಚರ್ ಓದೋಕೆ ಅಹ್ಮದಾಬಾದ್‌ವರೆಗೂ ಯಾಕೆ ಹೋದೆ?

"ಬೆಂಗಳೂರಲ್ಲೇ ಅಷ್ಟೊಂದು ಕಾಲೇಜುಗಳಿದ್ದವಲ್ಲ, ಅಷ್ಟು ದೂರ ಯಾಕೆ ಹೋದೆ?" ನೆಂಟರು ಕೇಳುತ್ತಾರೆ. ಮಕ್ಕಳನ್ನು ಆರ್ಕಿಟೆಕ್ಚರ್‌ಗೆ ಸೇರಿಸಬೇಕು ಅಂತಿರುವ ಅಪ್ಪ ಅಮ್ಮಂದಿರಂತೂ ಸಿಕ್ಕಾಗಲೆಲ್ಲ ಕೇಳುತ್ತಾರೆ. ಪ್ಲೇಸ್‌ಮೆಂಟ್ ಬಗ್ಗೆ ಏನಾದರೂ ಹೇಳುತ್ತೇನೆ ಅಂದುಕೊಂಡಿರುತ್ತಾರೆ.

ನಾನು ಹೋಗಿದ್ದು ಅಲ್ಲಿನ ಕಟ್ಟಡಗಳಿಗೋಸ್ಕರ.

ನಾನು ಓದಿದ ಸೆಪ್ಟ್, ವಿಶ್ವವಿದ್ಯಾಲಯ ಆಗಿದ್ದು 2005ರಲ್ಲಿ. ಶುರುವಾಗಿದ್ದು ಮಾತ್ರ 1962ರಲ್ಲಿ, ಬರೀ ಒಂದು ಆರ್ಕಿಟೆಕ್ಚರ್ ಶಾಲೆಯಾಗಿ. ಅದನ್ನು ಕಟ್ಟಿ ನಿಲ್ಲಿಸಿದವರು ಆರ್ಕಿಟೆಕ್ಟ್ ಬಿ. ವಿ. ದೋಶಿ. ಪ್ಯಾರಿಸ್‌ನಲ್ಲಿ ಹೆಸರಾಂತ ಆರ್ಕಿಟೆಕ್ಟ್ ಲ ಕಾರ್ಬ್ಯೂಸಿಯೆ ಹತ್ತಿರ ಕೆಲಸ ಮಾಡಿ, ಅವರ ಕಟ್ಟಡಗಳ ಉಸ್ತುವಾರಿಗೆ ಅಂತ ಅಹ್ಮದಾಬಾದ್‌ಗೆ ಬಂದು ಅಲ್ಲೇ ಉಳಿದರು. ಅದೇ ಊರಿನ ಐಐಎಂ ಕಟ್ಟಡಗಳ ವಿನ್ಯಾಸಕ್ಕೆ ಅಮೆರಿಕದ ಆರ್ಕಿಟೆಕ್ಟ್ ಲೂಯಿ ಕಾನ್ ಬಂದಿದ್ದೂ ಅದೇ ಕಾಲದಲ್ಲಿ. ನಾವು ಪುಸ್ತಕದಲ್ಲಿ ನೋಡಬೇಕಾದ್ದೆಲ್ಲ ಅಲ್ಲಿ ಆಟೋ ಹತ್ತಿದರೆ ಸಿಗುತ್ತಿತ್ತು! ಹಳೇ ಊರಿನ ಪೋಳ್‌ಗಳೂ, ಅಂದರೆ ಒತ್ತಾಗಿ ಮನೆಗಳಿರುವ ಹಳೇ ಕೇರಿಗಳೂ ಇದ್ದವು. ಕಿರಿದಾದ ಓಣಿ, ಕೆತ್ತನೆಯ ಮರದ ಕಂಬಗಳು. ಟೇಪು ಹಿಡಿದು ಒಂದೊಂದು ಮನೆಯನ್ನೂ ಅಳೆದು ಡ್ರಾಯಿಂಗ್ ಮಾಡುತ್ತಿದ್ದೆವು. ಮನೆಯವರು ಚಹಾ ಕೊಡದೆ ಬಿಡುತ್ತಿರಲಿಲ್ಲ.

ಇನ್ನು ದೋಶಿಯವರೇ ವಿನ್ಯಾಸ ಮಾಡಿದ ನಮ್ಮ ಶಾಲೆ. ಪ್ಲಾಸ್ಟರ್ ಇಲ್ಲದ ಇಟ್ಟಿಗೆ ಗೋಡೆ, ಮೇಲೆ ಕಾಂಕ್ರೀಟ್. ಸ್ಟುಡಿಯೋಗೆ ಉತ್ತರ ದಿಕ್ಕಿನ ಬೆಳಕು. ಗುಜರಾತಿನ ಸುಡುಬಿಸಿಲು ಡ್ರಾಯಿಂಗ್ ಹಾಳೆ ಮೇಲೆ ನೇರ ಬೀಳುವುದಿಲ್ಲ, ಆದರೂ ಹಗಲಲ್ಲಿ ಬೆಳಕಿಗೆ ಬರವಿಲ್ಲ. ಇದನ್ನು ಯಾರೂ ಪಾಠ ಮಾಡಬೇಕಾಗಿರಲಿಲ್ಲ, ಅಲ್ಲಿ ಕೂತರೆ ತಾನಾಗಿ ಗೊತ್ತಾಗುತ್ತಿತ್ತು. ಕೆಳಗೆ ಗಾಳಿಯಾಡುವ ಬೇಸ್‌ಮೆಂಟ್. ಪ್ರದರ್ಶನ, ಹರಟೆ, ಜಗಳ ಎಲ್ಲ ಅಲ್ಲೇ.

ಜ್ಯೂರಿ, ಅಂದರೆ ನಮ್ಮ ವಿನ್ಯಾಸವನ್ನು ಮೇಷ್ಟ್ರುಗಳ ಮುಂದಿಟ್ಟು ವಿವರಿಸುವ ದಿನ. ಅದರ ಹಿಂದಿನ ರಾತ್ರಿ ನಿದ್ದೆ ಮರೆತುಬಿಡಿ. ಮೌಂಟ್‌ಬೋರ್ಡ್, ಕಟರ್, ಫೆವಿಕಾಲ್, ಬೆರಳಿಗೆ ಬ್ಯಾಂಡೇಡ್. ಬೆಳಿಗ್ಗೆ ಶೀಟುಗಳನ್ನು ಪಿನ್ ಮಾಡಿ ಕೆಂಪು ಕಣ್ಣಲ್ಲಿ ನಿಂತರೆ, ಮೇಷ್ಟ್ರು ಮಾಡೆಲ್‌ನ ಸೂರು ಎತ್ತಿ ಪಕ್ಕಕ್ಕಿಟ್ಟು, "ಮಳೆ ನೀರು ಎಲ್ಲಿಗೆ ಹೋಗುತ್ತೆ?" ಅಂತ ಕೇಳುತ್ತಿದ್ದರು. ಉತ್ತರ ಇಲ್ಲದಿದ್ದರೆ ಮುಗೀತು. ಜೂನಿಯರ್‌ಗಳೂ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ನಿಜ ಹೇಳಬೇಕೆಂದರೆ, ನಾನು ಜಾಸ್ತಿ ಕಲಿತದ್ದು ಬೇರೆಯವರು ಬೈಸಿಕೊಳ್ಳುವುದನ್ನು ನೋಡಿ.

ದೋಶಿಯವರಿಗೆ 2018ರಲ್ಲಿ ಆರ್ಕಿಟೆಕ್ಚರ್‌ನ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಅದನ್ನು ಪಡೆದ ಮೊದಲ ಭಾರತೀಯ ಅವರು. ಅವರ ಕೆಲಸ ನೋಡಲು ಅಷ್ಟು ದೂರ ಹೋಗಲೇಬೇಕು ಅಂತಿಲ್ಲ, ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂ ಕೂಡ ಅವರದ್ದೇ.

ಹಾಗಾದರೆ ಮಗಳನ್ನು ಎಲ್ಲಿಗೆ ಸೇರಿಸೋದು ಅಂತೀರಾ? ಒಳ್ಳೆ ಮೇಷ್ಟ್ರು ಎಲ್ಲಿ ಬೇಕಾದರೂ ಸಿಗಬಹುದು. ಕಾಲೇಜು ನೋಡಲು ಹೋದಾಗ ಪ್ರಿನ್ಸಿಪಾಲರ ಕೋಣೆಯಿಂದ ಎದ್ದು, ಸುಮ್ನೆ ಸಂಜೆ ಏಳಕ್ಕೆ ಸ್ಟುಡಿಯೋ ಕಡೆ ಒಂದು ಸುತ್ತು ಹಾಕಿ ಬನ್ನಿ. ಬೀಗ ಹಾಕಿದ್ದರೆ ಬೇರೆ ಕಾಲೇಜು ಹುಡುಕಿ.