ಹೊರಗೆ ತೊಟ್ಟಿಕ್ಕದ ಸೋರಿಕೆ

ನಾಲ್ಕೈದು ದಿನ ನಿಂತ ಹಳೇ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ನಮ್ಮ ಕಡೆ ಸಿಗುವ ಉತ್ತರ ಒಂದೇ: "ಗಾಡಿ ಹಳೇದಾಯ್ತಲ್ಲ ಮಾರಾಯ, ಇನ್ನು ಹಾಗೇ ಅದು." ನನಗೆ ಈ ಮಾತು ಕೇಳಿದರೆ ಬೇಜಾರಾಗುತ್ತದೆ. ವಯಸ್ಸಾಯ್ತು ಅಂತ ಯಾವ ಎಂಜಿನ್ನೂ ಮುಷ್ಕರ ಹೂಡುವುದಿಲ್ಲ. ಪೆಟ್ರೋಲ್ ಬರುತ್ತಿಲ್ಲ, ಕಿಡಿ ಬರುತ್ತಿಲ್ಲ, ಇಲ್ಲವೇ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲನ್ನು ಅದುಮುವ ಒತ್ತಡ, ಬಿದ್ದುಹೋಗಿದೆ. ಇವುಗಳಲ್ಲಿ ಯಾವುದು ಅಂತ ಮನೆಯಂಗಳದಲ್ಲೇ ಕಂಡುಹಿಡಿಯಬಹುದು, ಅದಕ್ಕೆ ದೊಡ್ಡ ಸಲಕರಣೆಯೇನೂ ಬೇಡ.

ನನ್ನದು 1994ರ ಮಾರುತಿ 800. ಮೂರು ಸಿಲಿಂಡರಿನ 796 ಸಿಸಿ ಎಂಜಿನ್, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರ್, ತಣ್ಣನೆಯ ಎಂಜಿನ್ನಿಗೆ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹೆಚ್ಚಿಸಲು ಕೈಯಲ್ಲಿ ಎಳೆಯುವ ಚೋಕ್, ಕ್ಯಾಮ್ ಶಾಫ್ಟ್ (ಎಂಜಿನ್ನಿನ ವಾಲ್ವ್ ತೆರೆಯುವ ದಂಡ) ತಳ್ಳಿದಂತೆ ಓಡುವ ಮೆಕ್ಯಾನಿಕಲ್ ಪೆಟ್ರೋಲ್ ಪಂಪ್. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ, ಎಲ್ಲವೂ ಕಣ್ಣಿಗೆ ಕಾಣುವಂಥದ್ದು. ಹೊಸನಗರದ ಹತ್ತಿರ ನಮ್ಮ ತೋಟ. ವಾರದ ನಡುವೆ ಕಾರು ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲೇ ನಿಂತಿರುತ್ತದೆ. ಸಾಗರಕ್ಕೋ, ಘಟ್ಟ ಇಳಿದು ಕುಂದಾಪುರಕ್ಕೋ ಹೋಗುವಾಗಷ್ಟೇ ಹೊರಗೆ ತೆಗೆಯುತ್ತೇನೆ.

ಕಳೆದ ಬೇಸಿಗೆಯಲ್ಲಿ ಶುರುವಾಗಿದ್ದು ಇದು. ಬೆಳಿಗ್ಗೆ ಚೋಕ್ ಎಳೆದು ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹಿಡಿಯುವುದಿಲ್ಲ. ತುಂಬ ಹೊತ್ತು ಹೊಡೆದಮೇಲೆ ಕೆಮ್ಮಿ, ಒಂದು ನಿಮಿಷ ಮಿಸ್ಸಿಂಗ್ ಮಾಡಿ, ಆಮೇಲೆ ಸರಿಹೋಗುತ್ತದೆ. ಆವತ್ತಿಡೀ ಎಲ್ಲಿ ನಿಲ್ಲಿಸಿದರೂ ಅರ್ಧ ಸುತ್ತಿಗೇ ಸ್ಟಾರ್ಟ್. ಸಾಗರದ ಒಂದು ಗ್ಯಾರೇಜಿನಲ್ಲಿ ಬಾನೆಟ್ ತೆಗೆಯದೆಯೇ ತೀರ್ಪು ಕೊಟ್ಟರು: ಪಂಪ್ ಹೋಗಿದೆ, ಕಾರ್ಬೊರೇಟರೂ ಸವೆದಿದೆ, ಎರಡನ್ನೂ ಬದಲಾಯಿಸಿಬಿಡಿ. ಕಾಯಿಲೆ ಯಾವುದೆಂದು ನೋಡುವ ಮೊದಲೇ ಬಿಡಿಭಾಗ ಬದಲಿಸುವುದನ್ನು ನಾನು ರಿಪೇರಿ ಅಂತ ಕರೆಯಲಾರೆ. ವಾಪಸು ಮನೆಗೆ ತಂದೆ.

ಮೊದಲು ಕೇಳಿಕೊಳ್ಳಬೇಕಾದ್ದು "ಯಾವಾಗ" ಎಂಬ ಪ್ರಶ್ನೆ. ತಣ್ಣಗಿದ್ದಾಗ ಕಷ್ಟವೋ, ಬಿಸಿಯಿದ್ದಾಗ ಕಷ್ಟವೋ? ಒಂದು ರಾತ್ರಿ ನಿಂತರೆ ಸಾಕೋ, ನಾಲ್ಕು ದಿನ ನಿಲ್ಲಬೇಕೋ? ನನ್ನ ಕಾರು ಒಂದು ರಾತ್ರಿ ನಿಂತರೆ ಸ್ವಲ್ಪ ಸತಾಯಿಸುತ್ತಿತ್ತು, ನಾಲ್ಕು ದಿನ ನಿಂತರೆ ಬ್ಯಾಟರಿ ಇಳಿಯುವವರೆಗೂ ಸತಾಯಿಸುತ್ತಿತ್ತು. ಕಂಪ್ರೆಷನ್ ಬಿದ್ದ ಎಂಜಿನ್ ಮಧ್ಯಾಹ್ನ ಅರ್ಧ ಸುತ್ತಿಗೆ ಹಿಡಿಯುವುದು ಕಷ್ಟ. ನಿಂತಷ್ಟೂ ಕಷ್ಟ ಹೆಚ್ಚುತ್ತದೆ ಎಂದರೆ ನಿಂತಲ್ಲೇ ಏನೋ ಖಾಲಿಯಾಗುತ್ತಿದೆ ಎಂದರ್ಥ.

ಸೆಲ್ಫ್ ಹೊಡೆದು ಹೊಡೆದು ಹಿಡಿಯದಿದ್ದ ಒಂದು ಬೆಳಿಗ್ಗೆ, ಸಿಲಿಂಡರಿನೊಳಗೆ ಕಿಡಿ ಕೊಡುವ ಮೂರು ಪ್ಲಗ್ಗುಗಳನ್ನೂ ಬಿಚ್ಚಿದೆ. ಅಷ್ಟು ಚೋಕ್ ಎಳೆದಮೇಲೆ ಪ್ಲಗ್ ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆಯಬೇಕಿತ್ತು. ಮೂರೂ ಒಣಗಿದ್ದವು. ವೈರಿಗೆ ಸಿಕ್ಕಿಸಿ ಎಂಜಿನ್ನಿಗೆ ತಾಗಿಸಿ ನೋಡಿದರೆ ಕಿಡಿ ನೀಲಿಯಾಗಿ, ಚಟಚಟ ಸದ್ದಿನೊಂದಿಗೆ ಬಂತು. ಅಲ್ಲಿಗೆ ಕರೆಂಟಿನ ಬದಿಯ ಸಂಶಯ ಮುಗಿಯಿತು. (ಕಿಡಿ ನೋಡುವಾಗ ಹತ್ತಿರ ತೆರೆದ ಪೆಟ್ರೋಲ್ ಇರಲೇಬಾರದು. ಪೆಟ್ರೋಲಿನ ಕೆಲಸ ಬೇರೆ ಹೊತ್ತಿಗೆ, ಶೆಡ್ಡಿನಿಂದ ಹೊರಗೆ ಬಯಲಲ್ಲಿ.)

ಈ ಕಾರಿನ ಕಾರ್ಬೊರೇಟರಿನಲ್ಲಿ ನನಗೆ ಬಹಳ ಇಷ್ಟವಾದ ಒಂದು ವಸ್ತುವಿದೆ. ಅದರ ಫ್ಲೋಟ್ ಚೇಂಬರಿನ, ಅಂದರೆ ಪೆಟ್ರೋಲ್ ತುಂಬಿಕೊಂಡಿರುವ ಪುಟ್ಟ ಡಬ್ಬಿಯ, ಮೈಮೇಲೆ ಒಂದು ಪುಟ್ಟ ಗಾಜಿನ ಕಿಟಕಿ. ಒಳಗೆ ಪೆಟ್ರೋಲ್ ಎಷ್ಟಿದೆ ಎಂದು ಅದರಲ್ಲಿ ಕಾಣುತ್ತದೆ, ಮಟ್ಟ ಎಲ್ಲಿರಬೇಕೆಂದು ಗುರುತೂ ಇದೆ. ವರ್ಷಗಟ್ಟಲೆ ಎಣ್ಣೆ ಧೂಳು ಕೂತು ಮುಚ್ಚಿಹೋಗಿರುವುದರಿಂದ ಎಷ್ಟೋ ಮಾಲೀಕರಿಗೆ ಅದಿರುವುದೇ ಗೊತ್ತಿಲ್ಲ. ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಓರೆಯಾಗಿ ಹಿಡಿದೆ. ಗುರುತಿನ ಹತ್ತಿರ ಪೆಟ್ರೋಲಿನ ಗೆರೆಯೇ ಇಲ್ಲ, ಗಾಜಿನ ತಳದಲ್ಲಿ ಕಂದು ಬಣ್ಣದ ಕಲೆ ಮಾತ್ರ. ಮಗನಿಗೆ ಸೆಲ್ಫ್ ಹೊಡೆಯಲು ಹೇಳಿ ಗಾಜನ್ನೇ ನೋಡುತ್ತ ನಿಂತೆ. ಎಷ್ಟು ಹೊತ್ತಾದರೂ ಏನೂ ಬರಲಿಲ್ಲ. ಆಮೇಲೆ ಒಂದು ಗುಳ್ಳೆ, ಇನ್ನೊಂದು ಗುಳ್ಳೆ, ನೊರೆಯಂಥದ್ದು, ಅದರ ಹಿಂದೆ ಪೆಟ್ರೋಲ್ ನಿಧಾನಕ್ಕೆ ಏರಿತು. ಅರ್ಧ ಏರುವಷ್ಟರಲ್ಲಿ ಎಂಜಿನ್ ಹಿಡಿಯಿತು.

ಚೇಂಬರ್ ಖಾಲಿಯಾಗುವುದು ದೊಡ್ಡ ವಿಷಯವಲ್ಲ. ಎಂಜಿನ್ ಆಫ್ ಮಾಡಿದಮೇಲೆ ಅದರ ಕಾವಿಗೇ ಒಂದಷ್ಟು ಪೆಟ್ರೋಲ್ ಆವಿಯಾಗುತ್ತದೆ, ಉಳಿದದ್ದು ದಿನ ಕಳೆದಂತೆ ಹೋಗುತ್ತದೆ. ಪಂಪಿನವರೆಗಿನ ಪೈಪ್ ತುಂಬಿದ್ದರೆ ಸೆಲ್ಫಿನ ಕೆಲವೇ ಸುತ್ತಿಗೆ ಚೇಂಬರ್ ಮತ್ತೆ ತುಂಬಬೇಕು. ನನ್ನ ಕಾರಿನಲ್ಲಿ ಪೈಪೂ ಖಾಲಿ. ಕ್ಯಾಮ್ ಶಾಫ್ಟ್ ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಎಂಜಿನ್ ಎರಡು ಸುತ್ತು ತಿರುಗಿದರೆ ಪಂಪಿಗೆ ಒಂದೇ ಹೊಡೆತ. ಹಿಂದಿನ ಟ್ಯಾಂಕಿನಿಂದ ಮುಂದಿನ ಎಂಜಿನ್ನಿನವರೆಗೆ ಪೈಪಿನುದ್ದಕ್ಕೂ ಗಾಳಿಯನ್ನು ಎಳೆದು ಮುಗಿಸಬೇಕಾದರೆ ಬ್ಯಾಟರಿ ಸುಸ್ತಾಗದೆ ಇರುತ್ತದೆಯೇ?

ಪೈಪಿನ ಪೆಟ್ರೋಲ್ ಟ್ಯಾಂಕಿಗೆ ವಾಪಸು ಇಳಿಯಬೇಕಾದರೆ ಒಂದೋ ಪಂಪಿನ ಒಳಗಿನ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಇಲ್ಲ ಎಲ್ಲೋ ಗಾಳಿ ನುಗ್ಗುತ್ತಿದೆ. ಯಾವುದೆಂದು ತಿಳಿಯಲು ಬಹಳ ಸರಳವಾದ ಉಪಾಯವಿದೆ. ಕಿಡಿ ಹಾರದಂತೆ ಕಾಯಿಲಿನ (ಪ್ಲಗ್ಗುಗಳಿಗೆ ಕಿಡಿಯ ಕರೆಂಟ್ ಕೊಡುವ ಭಾಗ) ಮುಖ್ಯ ವೈರ್ ಕಿತ್ತು ಕಾರಿನ ಲೋಹದ ಮೈಗೆ ಅರ್ಥಿಂಗ್ ಮಾಡಿ, ಕಾರ್ಬೊರೇಟರಿಗೆ ಹೋಗುವ ಪೈಪನ್ನು ಬಿಚ್ಚಿ ಉದ್ದದ ಹೋಸ್ ಹಾಕಿ ದೂರದಲ್ಲಿಟ್ಟ ಬಾಟಲಿಗೆ ಬಿಟ್ಟೆ. ಸೆಲ್ಫ್ ಹೊಡೆದರೆ ಚಿಮ್ಮುವ ಬದಲು ಗುಳುಗುಳು ಗುಳ್ಳೆ ಸಮೇತ ಬಂತು. ಈಗ ಪಂಪಿನ ಇನ್ನೊಂದು ಬದಿ: ಟ್ಯಾಂಕಿನಿಂದ ಬರುವ ಹೋಸ್ ಕಿತ್ತು, ಅಲ್ಲಿಗೆ ಹೊಸ ಹೋಸ್ ತುಂಡು ಸಿಕ್ಕಿಸಿ, ಅದರ ತುದಿಯನ್ನು ಪೆಟ್ರೋಲ್ ತುಂಬಿದ ಇನ್ನೊಂದು ಬಾಟಲಿಗೆ ಅದ್ದಿದೆ. ಬಾಟಲಿ ಪಂಪಿಗಿಂತ ಕೆಳಗೇ ಇರಬೇಕು, ಮೇಲಿಟ್ಟರೆ ತಾನಾಗಿ ಹರಿದು ಪರೀಕ್ಷೆ ಸುಳ್ಳಾಗುತ್ತದೆ. ಎರಡನೇ ಬಾರಿಗೆ ಪಂಪ್ ಗುಳ್ಳೆಯಿಲ್ಲದೆ, ಪ್ರತಿ ಹೊಡೆತಕ್ಕೂ ಚಿಳ್ ಚಿಳ್ ಅಂತ ಚಿಮ್ಮಿಸಿತು. ಹೋಗಿದೆ ಎಂದು ಗ್ಯಾರೇಜಿನಲ್ಲಿ ಹೇಳಿದ್ದು ಇದೇ ಪಂಪನ್ನು! ಪಂಪಿನ ಕೆಳಗಿನ ಸಣ್ಣ ತೂತಿನಿಂದಲೂ ಪೆಟ್ರೋಲ್ ಒಸರುತ್ತಿರಲಿಲ್ಲ, ಡಿಪ್ ಸ್ಟಿಕ್ಕಿನ ಆಯಿಲಿನಲ್ಲಿ ಪೆಟ್ರೋಲ್ ವಾಸನೆಯೂ ಇರಲಿಲ್ಲ. ಅಂದರೆ ಪಂಪಿನೊಳಗೆ ಪೆಟ್ರೋಲ್ ಎಳೆದು ತಳ್ಳುವ ಪೊರೆ, ಡಯಾಫ್ರಮ್, ಕೂಡ ಗಟ್ಟಿ.

ಉಳಿದದ್ದು ಟ್ಯಾಂಕಿನಿಂದ ಪಂಪಿನವರೆಗಿನ ದಾರಿ. ಇಲ್ಲಿ ಹೆಚ್ಚಿನವರು ಏಮಾರುವುದು ಹೇಗೆಂದರೆ, ಕಾರಿನ ಕೆಳಗೆ ನೆಲ ಒಣಗಿದೆ, ವಾಸನೆಯಿಲ್ಲ, ಆದ್ದರಿಂದ ಪೈಪ್ ಸರಿಯಿದೆ ಎಂದುಕೊಳ್ಳುತ್ತಾರೆ. ಪಂಪಿನ ನಂತರದ ಪೈಪಿನಲ್ಲಿ ಒತ್ತಡವಿರುತ್ತದೆ, ಬಿರುಕು ಬಿಟ್ಟರೆ ಪೆಟ್ರೋಲ್ ಹೊರಗೆ ಬರುತ್ತದೆ. ಪಂಪಿನ ಮೊದಲಿನ ಪೈಪಿನಲ್ಲಿ ಇರುವುದು ಎಳೆತ. ಬಿರುಕು ಬಿಟ್ಟರೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಒಂದು ಹನಿಯೂ ಬೀಳದೆ ಇರಬಹುದು. ಸೀಳಿದ ಸ್ಟ್ರಾ ಹಾಕಿ ಎಳನೀರು ಕುಡಿದ ಹಾಗೆ. ಎಂಜಿನ್ ಓಡುವಾಗ ಪಂಪ್ ಆ ಗಾಳಿಯನ್ನೂ ನುಂಗಿಕೊಂಡು ಹೇಗೋ ಪೂರೈಸುತ್ತದೆ. ಅದಕ್ಕೇ ಹಗಲಿಡೀ ಕಾರು ಚೆನ್ನಾಗಿ ಓಡಿದ್ದು.

ಸಿಕ್ಕಿದ್ದು ಹಿಂದೆ, ಟ್ಯಾಂಕಿನ ಲೋಹದ ಪೈಪಿಗೆ ಸೇರುವ ಗೇಣುದ್ದದ ರಬ್ಬರ್ ಹೋಸಿನಲ್ಲಿ. ಸುಮ್ಮನೆ ನೋಡಿದರೆ ಏನೂ ಕಾಣದು. ಕ್ಲಿಪ್ ಸಡಿಲಿಸಿ ಬಾಗಿಸಿದಾಗ ಕ್ಲಿಪ್ ಕಚ್ಚಿದ ಜಾಗದ ಪಕ್ಕದಲ್ಲೇ ಕೂದಲೆಳೆಯಂಥ ಬಿರುಕುಗಳು ಬಾಯಿಬಿಟ್ಟವು. ಬ್ಲೇಡಿನಿಂದ ಸೀಳಿ ನೋಡಿದರೆ ಒಳಗಿನ ಪದರ ಬೆರಳಿಗೆ ಕಪ್ಪು ಮಸಿಯಾಗಿ ಅಂಟುತ್ತಿತ್ತು, ಹೊರಗಿನ ಪದರ ಉಗುರಿಗೂ ಬಗ್ಗದಷ್ಟು ಬಿರುಸು.

ಒಳಪದರ ಹಾಗಾಗಿದ್ದರಲ್ಲಿ ಈಗಿನ ಪೆಟ್ರೋಲಿನ ಪಾಲಿದೆ ಎಂದೇ ನನ್ನ ನಂಬಿಕೆ. ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿಯಲ್ಲಿ. 1994ರಲ್ಲಿ ಈ ಹೋಸುಗಳನ್ನು ಮಾಡಿದವರ ಲೆಕ್ಕದಲ್ಲಿ ಎಥೆನಾಲ್ ಇರಲಿಲ್ಲ. ಅದು ಹಳೇ ರಬ್ಬರನ್ನು ಊದಿಸುತ್ತದೆ, ಒಳಗಿನ ಮೆದುಗೊಳಿಸುವ ಅಂಶಗಳನ್ನು ಕರಗಿಸಿ ಎಳೆದುಕೊಳ್ಳುತ್ತದೆ. ಕಾರು ನಿಂತು ಪೈಪ್ ಒಣಗಿದಾಗ ರಬ್ಬರ್ ಬಿರುಸಾಗಿ ಸೀಳುತ್ತದೆ. ಜೊತೆಗೆ ಎಥೆನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು ತಿಂಗಳುಗಟ್ಟಲೆ ಕಾರು ನಿಲ್ಲಿಸುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಎಥೆನಾಲ್ ತಾಳುವ ಹೋಸ್ ಎಂದು ಕೇಳಿ, ಅದರ ಮೈಮೇಲೆ ಇ20 ಎಂದು ಅಚ್ಚಾಗಿದ್ದರೆ ಮಾತ್ರ ಕೊಳ್ಳಿ. ಅಂಗಡಿಯವರು ಕೊಡುವ ನೀರಿನ ಪೈಪಿನಂಥ ಪಾರದರ್ಶಕ ಪ್ಲಾಸ್ಟಿಕ್ ಖಂಡಿತ ಬೇಡ.

ಟ್ಯಾಂಕಿನಿಂದ ಕಾರ್ಬೊರೇಟರಿನವರೆಗೆ ಇರುವ ಎಲ್ಲ ರಬ್ಬರನ್ನೂ, ಕ್ಲಿಪ್ಪುಗಳನ್ನೂ, ಫಿಲ್ಟರನ್ನೂ ಬದಲಾಯಿಸಿದೆ. ಒಂದು ಕಡೆ ಬಿರಿದಿದ್ದರೆ ಅದೇ ವಯಸ್ಸಿನ ಉಳಿದವೂ ಸಾಲಿನಲ್ಲಿ ನಿಂತಿರುತ್ತವೆ. ಪಂಪೂ ಕಾರ್ಬೊರೇಟರೂ ಮೊದಲಿನವೇ. ಈಗ ವಾರ ನಿಂತರೂ ಕೆಲವೇ ಸುತ್ತಿಗೆ ಗಾಜಿನ ಕಿಟಕಿ ತುಂಬುತ್ತದೆ.

ಬಿಸಿಯಲ್ಲಿ ಸ್ಟಾರ್ಟ್ ಆಗದ ತೊಂದರೆಯ ದಾರಿ ಬೇರೆ. ಹುಲಿಕಲ್ ಘಾಟಿ ಹತ್ತಿ ಬಂದು ಟೀ ಕುಡಿಯಲು ನಿಲ್ಲಿಸಿದ ಕಾರು ಹೊರಡಲು ಒಲ್ಲೆ ಎಂದರೆ, ಪಂಪಿನಲ್ಲೋ ಪೈಪಿನಲ್ಲೋ ಪೆಟ್ರೋಲ್ ಕುದಿದು ಆವಿ ಕಟ್ಟಿಕೊಂಡಿರಬಹುದು. ಬಾನೆಟ್ ತೆರೆದಿಟ್ಟು, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಿರಿ. ಓಡುತ್ತ ಓಡುತ್ತ ಶಕ್ತಿ ಕಳೆದುಕೊಂಡು ನಿಂತು, ಟ್ಯಾಂಕಿನ ಮುಚ್ಚಳ ತೆಗೆದಾಗ ಹುಸ್ ಎಂದು ಗಾಳಿ ಎಳೆದುಕೊಂಡು ಮತ್ತೆ ಸ್ಟಾರ್ಟ್ ಆದರೆ ಗಾಳಿಕಿಂಡಿ ಕಟ್ಟಿದೆ.

ಗಾಜಿನಲ್ಲಿ ಪೆಟ್ರೋಲ್ ಗುರುತಿನವರೆಗೆ ತುಂಬಿದ್ದೂ ಎಂಜಿನ್ ಹಿಡಿಯದಿದ್ದರೆ ಪೈಪುಗಳನ್ನು ಮುಟ್ಟಬೇಡಿ, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು ಒಳಗೆ ಬೆವರಿದೆಯೇ ನೋಡಿ. ಆಷಾಢದಲ್ಲಿ ನಮ್ಮೂರಿನ ಅರ್ಧಕ್ಕರ್ಧ ಹಳೇ ಕಾರುಗಳ ಕಾಯಿಲೆ ಅದೇ, ಅದರ ಬಗ್ಗೆ ಮಳೆ ಶುರುವಾದಮೇಲೆ ಫೋಟೋ ಸಮೇತ ಬರೆಯುತ್ತೇನೆ.