ಗವಿಯ ಪಾಲು

ಎಡಿನ್‌ಬರಾಕ್ಕೆ ಓದಲು ಬಂದ ಮೊದಲ ವರ್ಷ, ಒಂದು ಶನಿವಾರ ಫೈಫ್ ಕರಾವಳಿಯ ಬಸ್ ಹಿಡಿದು ಪಿಟನ್‌ವೀಮ್‌ನಲ್ಲಿ ಇಳಿದೆ. ಸೆಳೆದದ್ದು ಹೆಸರು. 'ಪಿಟ್' ಅಂದರೆ ಗುಂಡಿ, ಫೈಫ್ ಕಲ್ಲಿದ್ದಲ ಸೀಮೆ, ಹಳೇ ಗಣಿಯ ಊರಿರಬೇಕು ಅಂತ ನನ್ನದೇ ಲೆಕ್ಕ.

ಇಲ್ಲಿ ಸಂತ ಫಿಲ್ಲನ್‌ನ ಗವಿಯೊಂದಿದೆ. ಅದರ ಕೀಲಿಕೈ ಪಡೆಯಲು ಮೇಲಿನ ಬೀದಿಯ ಅಂಗಡಿಗೆ ಹೋದಾಗ ಗಣಿ ಎಲ್ಲಿ ಎಂದೂ ಕೇಳಿಬಿಟ್ಟೆ. ಅಂಗಡಿಯ ಅಜ್ಜಿ ನಕ್ಕರು. "ಗುಂಡಿ ಅಲ್ಲಪ್ಪ, ಪಾಲು. ಜಮೀನಿನ ಪಾಲು."

'ಪಿಟ್' ಪಿಕ್ಟರ ಮಾತು, ಅಂದರೆ ಸ್ಕಾಟ್ಲೆಂಡಿನಲ್ಲಿ ಹಿಂದೆ ಇದ್ದ ಒಂದು ಪ್ರಾಚೀನ ಜನರ ಮಾತು. ಪಿಟ್‌ಲೊಕ್ರಿ, ಪಿಟ್‌ಮೆಡನ್, ಹೀಗೆ ಸ್ಕಾಟ್ಲೆಂಡಿನ ಪೂರ್ವಭಾಗದ ತುಂಬ ಇದೆ. ಪಿಕ್ಟರ ಭಾಷೆ ಸತ್ತು ಸಾವಿರ ವರ್ಷವಾಯಿತು. ಆಮೇಲೆ ಬಂದ ಗೇಲಿಕ್ ಜನ ಈ ಒಂದು ಪದವನ್ನು ಉಳಿಸಿಕೊಂಡು, ಮುಂದೆ ತಮ್ಮ ಮಾತು ಜೋಡಿಸಿದರು. 'ವೀಮ್' ಗೇಲಿಕ್‌ನ ಗವಿ. ನಮ್ಮಲ್ಲೂ ನವಾಬರು ಹೋದರು, ಖರಾಬು, ಜಮಾಬಂದಿ ಉಳಿದವಲ್ಲ. ಭೂಮಿ ಅಳೆಯುವ ಮಾತು ಬೇಗ ಸಾಯುವುದಿಲ್ಲ. ಬೆಂಗಳೂರಿನ ಗವಿಪುರದಲ್ಲಿ ಬೆಳೆದ ನನಗೆ ಇಷ್ಟು ಹೊತ್ತು ಹೊಳೆಯದ್ದಕ್ಕೆ ನಾಚಿಕೆಯಾಯಿತು.

ಗವಿ ಇರುವುದು ಬಂದರಿಗೆ ಇಳಿಯುವ ಕೋವ್ ವೈಂಡ್ ಎಂಬ ಓಣಿಯಲ್ಲಿ. ಒಳಗೆ ತಣ್ಣಗೆ, ಕಲ್ಲಿನ ಪೀಠ, ನೀರು ಜಿನುಗುವ ಬಾವಿ. ಫಿಲ್ಲನ್‌ನ ಎಡಗೈ ದೀಪದಂತೆ ಬೆಳಗುತ್ತಿತ್ತಂತೆ, ಆ ಬೆಳಕಿನಲ್ಲಿ ಬಲಗೈ ಬರೆಯುತ್ತಿತ್ತಂತೆ. ಆಮೇಲೆ ಕಳ್ಳಸಾಗಣೆಯವರೂ ಮೀನುಗಾರರೂ ಇದನ್ನು ಉಗ್ರಾಣ ಮಾಡಿಕೊಂಡಿದ್ದರು. 1935ರಲ್ಲಿ ಮತ್ತೆ ಪ್ರಾರ್ಥನೆಗೆ ಬಂತು.

ಬಂದರಿನಲ್ಲಿ ದೋಣಿಗಳು, ಬಲೆ, ಸೀಗಡಿ ವಾಸನೆ. ನೋಡಲು ಚೆಂದ. ಆದರೆ 1705ರ ಜನವರಿಯಲ್ಲಿ ಜನೆಟ್ ಕಾರ್ನ್‌ಫುಟ್ ಎಂಬ ಹೆಂಗಸನ್ನು ಮಾಟಗಾತಿ ಎಂದು ಜನ ಎಳೆತಂದು, ಬಾಗಿಲ ಹಲಗೆ ಮುಚ್ಚಿ, ಮೇಲೆ ಕಲ್ಲು ಹೇರಿ ಕೊಂದದ್ದು ಇದೇ ದಡದಲ್ಲಿ. ಯಾರಿಗೂ ಶಿಕ್ಷೆಯಾಗಲಿಲ್ಲ. ಚರ್ಚಿನ ಮಣ್ಣೂ ಅವಳಿಗೆ ಸಿಗಲಿಲ್ಲವಂತೆ. ಆ ಕಲ್ಲುಗಳ ಮೇಲೆ ಕೂತು ತಂದ ಚಪಾತಿ ಬಿಚ್ಚಲು ಮನಸ್ಸಾಗಲಿಲ್ಲ, ಎದ್ದೆ.

ಕೀಲಿಕೈ ಕೊಟ್ಟು ವಾಪಸಾಗುವಾಗ ಬಸ್ ಲೆವನ್ ದಾಟಿತು. 'ಈಸ್ಟ್ ವೀಮ್ಸ್' ಎಂಬ ಬೋರ್ಡು ಕಂಡಿತು. ಈ ಸಲ ಯಾರನ್ನೂ ಕೇಳಲಿಲ್ಲ. ಚಪಾತಿ ತಿನ್ನುತ್ತಾ ಕಿಟಕಿಯಾಚೆ ಗವಿಗಳನ್ನು ಹುಡುಕಿದೆ.