ಹ್ವೆಗೆ ಹೋಗೋರಿಗೆ: ರಾತ್ರಿ ಬಸ್ಸೂ ಬೇಡ, ಊಟದ ಚಿಂತೆಯೂ ಬೇಡ

ವಿಯೆಟ್ನಾಂನ ಹಳೇ ರಾಜಧಾನಿ ಹ್ವೆಗೆ ಹನೋಯ್‌ನಿಂದ ರಾತ್ರಿ ಬಸ್ಸಲ್ಲಿ ಹೋಗೋ ಯೋಚನೆ ಇದ್ದರೆ ಟಿಕೆಟ್ ತೆಗೆಯೋ ಮುಂಚೆ ಇದನ್ನೊಮ್ಮೆ ಓದಿ. ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರಂತೂ ಓದಲೇಬೇಕು. ನಾವು ಹೋಗಿದ್ದು ನಾನು, ನನ್ನ ಹೆಂಡತಿ, ನಮ್ಮಮ್ಮ. ಅಮ್ಮನಿಗೆ ಮಂಡಿ ನೋವು. ಜೊತೆಗೆ ಮೊಟ್ಟೆ ಕೂಡ ಮುಟ್ಟದ ಊಟ. ನನಗೆ ಜನಜಂಗುಳಿ ಕಂಡರೆ ಆಗಲ್ಲ. ಮುಂದೆ ಬರೆದಿರೋದೆಲ್ಲ ಈ ತಾಪತ್ರಯಗಳ ಲೆಕ್ಕದಲ್ಲೇ ಇದೆ. ಗಟ್ಟಿಮುಟ್ಟಾದ ಹುಡುಗರು ಅರ್ಧಕ್ಕರ್ಧ ಕಳೆದು ಓದಿಕೊಳ್ಳಿ.

ಹನೋಯ್‌ನ ಹಳೇ ಪೇಟೆಯಲ್ಲಿ ಒಬ್ಬ ಏಜೆಂಟ್ ನಮಗೆ ಮೊಬೈಲಿನಲ್ಲಿ ಬಸ್ಸಿನ ಫೋಟೊ ತೋರಿಸಿದ. ಒಬ್ಬೊಬ್ಬರಿಗೂ ಪರದೆ ಇರುವ ಪುಟ್ಟ ಕೋಣೆ, ಕಾಲು ಪೂರ್ತಿ ಚಾಚಬಹುದು, ಇಡೀ ಬಸ್ಸಿಗೆ 22 ಜನ ಮಾತ್ರ. ದುಡ್ಡೂ ಆ ಕ್ಯಾಬಿನ್ ಬಸ್ಸಿನದ್ದೇ ತಗೊಂಡ. ರಾತ್ರಿ ಬಂದು ನಿಂತದ್ದು ಬೇರೆ ಬಸ್ಸು. ಮೂರು ಸಾಲು, ಎರಡು ಅಂತಸ್ತು, ನಲವತ್ತಕ್ಕೂ ಜಾಸ್ತಿ ಜನ. ಏಜೆಂಟಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಕಂಡಕ್ಟರ್‌ಗೆ ಇಂಗ್ಲಿಷ್ ಬಾರದು, ನಮಗೆ ಅವನ ಭಾಷೆ ಬಾರದು. ಅವನು ಒಂದೊಂದು ಪ್ಲಾಸ್ಟಿಕ್ ಕವರ್ ಕೈಗಿಟ್ಟು ಚಪ್ಪಲಿ ಬಿಚ್ಚಿ ಅಂತ ಸನ್ನೆ ಮಾಡಿದ. ಅಲ್ಲಿನ ಸ್ಲೀಪರ್ ಬಸ್ಸಿಗೆಲ್ಲ ಬರಿಗಾಲಲ್ಲೇ ಹತ್ತಬೇಕು.

ಇದರಲ್ಲಿ ಪೂರ್ತಿ ಮಲಗೋಕೂ ಆಗಲ್ಲ, ಪೂರ್ತಿ ಕೂರೋಕೂ ಆಗಲ್ಲ. ಅರ್ಧ ಒರಗಿದ ಸೀಟು. ಕಾಲು ಇಡೋದು ಮುಂದಿನವರ ತಲೆಯ ಕೆಳಗಿರೋ ಒಂದು ಡಬ್ಬಿಯೊಳಗೆ. ಐದೂವರೆ ಅಡಿಗಿಂತ ಎತ್ತರ ಇದ್ದರೆ ಮಂಡಿ ಮಡಚಿಯೇ ರಾತ್ರಿ ಕಳೆಯಬೇಕು. ಅಮ್ಮನಿಗೆ ಕೊಟ್ಟಿದ್ದು ಮೇಲಿನ ಸೀಟು. ಏಣಿ ಅಂದರೆ ಕಂಬಕ್ಕೆ ಬೆಸೆದ ಎರಡು ಕಬ್ಬಿಣದ ತುಂಡು ಅಷ್ಟೆ. ಅಮ್ಮ ಅದನ್ನು ನೋಡಿ, "ನಾನು ಕೆಳಗೇ ನಿಂತ್ಕೊತೀನಿ ಕಣೋ, ನೀವು ಮಲಗಿ" ಅಂದರು. ಕೊನೆಗೆ ಒಬ್ಬ ಕಾಲೇಜು ಹುಡುಗ ಎದ್ದು ತನ್ನ ಕೆಳಗಿನ ಸೀಟು ಬಿಟ್ಟುಕೊಟ್ಟ. ಊರು ದಾಟಿದ ಮೇಲೆ ದಾರಿಯಲ್ಲಿ ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಂಡರು. ಸಾಲುಗಳ ನಡುವಿನ ಜಾಗದಲ್ಲಿ ಅಡಿಕೆ ಮೂಟೆ ಪೇರಿಸಿದ ಹಾಗೆ ಜನ. ನಡುರಾತ್ರಿ ಶೌಚಾಲಯಕ್ಕೆ ನಿಲ್ಲಿಸಿದಾಗ ಅವರನ್ನೆಲ್ಲ ದಾಟಿ ಇಳಿಯಬೇಕು. ಬಾಗಿಲ ಹತ್ತಿರ ಒಂದು ಟಬ್ ತುಂಬ ರಬ್ಬರ್ ಚಪ್ಪಲಿ ಇಟ್ಟಿರುತ್ತಾರೆ. ಸಿಕ್ಕಿದ್ದು ಮೆಟ್ಟಿಕೊಂಡು ಹೋಗೋದು. ನನಗೆ ಸಿಕ್ಕಿದ್ದು ಎರಡೂ ಎಡಗಾಲಿನದ್ದು.

ಇಷ್ಟಾದರೂ ಸಹಿಸಬಹುದಿತ್ತು. ಬಸ್ಸು ಹ್ವೆ ಊರೊಳಗೆ ಹೋಗಲೇ ಇಲ್ಲ. ಅದು ದಕ್ಷಿಣಕ್ಕೆ ಇನ್ನೂ ದೂರ ಹೋಗೋ ಬಸ್ಸು, ಹ್ವೆ ಅದಕ್ಕೆ ದಾರಿಯಲ್ಲಿ ಸಿಗೋ ಊರು. ಬೆಳಗಿನ ಜಾವ, ಇನ್ನೂ ಕತ್ತಲೆ, ಹೆದ್ದಾರಿ ಪಕ್ಕದಲ್ಲಿ "ಹ್ವೆ, ಹ್ವೆ" ಅಂತ ಕೂಗಿ ಇಳಿಸಿದರು. ಟ್ಯಾಕ್ಸಿಯವರು ಮೊದಲೇ ಕಾದು ನಿಂತಿದ್ದರು. ಮೂರು ಲಕ್ಷ ಡಾಂಗ್ ಕೇಳಿದರು. ನಮ್ಮ ದುಡ್ಡಲ್ಲಿ ಸುಮಾರು ಸಾವಿರ ರೂಪಾಯಿ. ನನ್ನ ಹೆಂಡತಿ ಗ್ರ್ಯಾಬ್ ಅನ್ನೋ, ನಮ್ಮ ಓಲಾ-ಉಬರ್ ಥರದ ಆ್ಯಪ್ ತೆರೆದರೆ ಅದರಲ್ಲಿ ದರ ಇದರ ಅರ್ಧವೂ ಇರಲಿಲ್ಲ. ಸ್ವಲ್ಪ ಕಾಯಬೇಕಾಯಿತು, ಕಾರು ಬಂತು. ಹೋಟೆಲಿಗೆ ಹೋದರೆ ರೂಮು ಸಿಗೋದು ಮಧ್ಯಾಹ್ನ.

ಹಾಗಾಗಿ ರೈಲಿನಲ್ಲಿ ಹೋಗಿ. ಹನೋಯ್‌ನಿಂದ ಹ್ವೆಗೆ ಹಳಿ ದಾರಿ 688 ಕಿ.ಮೀ., ಇದಕ್ಕೂ ಹದಿಮೂರು-ಹದಿನಾಲ್ಕು ಗಂಟೆ ಬೇಕು. ಆದರೆ ನಾಲ್ಕು ಬರ್ತಿನ ಬಾಗಿಲಿರೋ ಕೋಣೆ ಸಿಗುತ್ತೆ, ಸ್ಟೇಷನ್ ಊರೊಳಗೇ ಇದೆ. ಕೆಳಗಿನ ಬರ್ತಿಗೆ ಸ್ವಲ್ಪ ಜಾಸ್ತಿ ದರ. ಹಿರಿಯರಿಗೆ ಅದನ್ನೇ ತಗೊಳ್ಳಿ, ಅಲ್ಲಿ ಚೌಕಾಸಿ ಬೇಡ. ರೈಲೂ ಆಗಲ್ಲ ಅಂದರೆ ವಿಮಾನ ಇದೆ, ಹ್ವೆಯ ಫು ಬಾಯ್ ನಿಲ್ದಾಣಕ್ಕೆ. ಬಸ್ಸೇ ಗತಿ ಅನ್ನೋರು ಎಷ್ಟು ಸೀಟಿನ ಬಸ್ಸು, ಎಲ್ಲಿ ಇಳಿಸುತ್ತಾರೆ ಅನ್ನೋ ಎರಡು ವಿಷಯ ಚೀಟಿಯಲ್ಲಿ ಬರೆಸಿಕೊಳ್ಳಿ. ಫೋಟೊ ನಂಬಬೇಡಿ.

ಊರಿನ ಲೆಕ್ಕ ಸುಲಭ. ನಡುವೆ ಪರ್ಫ್ಯೂಮ್ ನದಿ. ಉತ್ತರಕ್ಕೆ ಕೋಟೆ, ದಕ್ಷಿಣಕ್ಕೆ ಹೋಟೆಲು, ಗಲಾಟೆ, ರಾತ್ರಿ ಪೇಟೆ. ರಾತ್ರಿ ಪೇಟೆಗೆ ಒಮ್ಮೆ ಹೋಗಿ ಹತ್ತೇ ನಿಮಿಷಕ್ಕೆ ವಾಪಸ್ ಬಂದೆ. ಎರಡೂ ಕಡೆಯಿಂದ ಸ್ಪೀಕರ್ ಹಾಡು, ಇಷ್ಟಪಡೋರು ಇಷ್ಟಪಡಬಹುದು. ರೂಮು ಹುಡುಕುವಾಗ ಆ ಬೀದಿಗಳಿಂದ ಎರಡು ಗಲ್ಲಿ ಆಚೆಗೆ ನೋಡಿ, ನಿದ್ದೆ ಬರುತ್ತೆ.

ಊರೊಳಗೆ ಓಡಾಡೋಕೆ ಆ್ಯಪ್ ಕಾರೇ ವಾಸಿ. ಸೈಕ್ಲೋ ಅಂತ ಮುಂದೆ ಸೀಟಿರೋ ಸೈಕಲ್ ರಿಕ್ಷಾಗಳಿವೆ. ನೋಡೋಕೆ ಚೆಂದ. ಆದರೆ ಹತ್ತೋ ಮುಂಚೆ ದರ ಒಬ್ಬರಿಗೋ ಎಲ್ಲರಿಗೋ, ಹೋಗೋಕೆ ಮಾತ್ರವೋ ಬರೋಕೂ ಸೇರಿಯೋ ಅಂತ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿ ಖಾತ್ರಿ ಮಾಡಿಕೊಳ್ಳಿ. ನಮ್ಮ ಹೋಟೆಲಿನಲ್ಲೇ ಇದ್ದ ಒಬ್ಬ ಗುಜರಾತಿ ದಂಪತಿಗೆ ಇಳಿದ ಮೇಲೆ ಹೇಳಿದ್ದರ ನಾಲ್ಕು ಪಟ್ಟು ಕೇಳಿದ್ದರಂತೆ.

ನೋಟಿನ ವಿಷಯವನ್ನು ಯಾರೂ ಮೊದಲೇ ಹೇಳಲ್ಲ. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಎರಡೂ ಪ್ಲಾಸ್ಟಿಕ್, ಎರಡರ ಮೇಲೂ ಹೊ ಚಿ ಮಿನ್ ಮುಖ. ಮಂದ ಬೆಳಕಲ್ಲಿ 70 ರೂಪಾಯಿ ಕೊಡೋ ಕಡೆ 1,700 ಕೊಟ್ಟುಬಿಡೋದು ಬಹಳ ಸುಲಭ, ಚಿಲ್ಲರೆ ತಗೊಳ್ಳುವಾಗ ಮೋಸ ಹೋಗೋದೂ ಅಷ್ಟೇ ಸುಲಭ. ದೊಡ್ಡ ನೋಟುಗಳನ್ನು ಬೇರೆ ಜೇಬಿನಲ್ಲಿಡಿ. ಲೆಕ್ಕಕ್ಕೆ 1 ಲಕ್ಷ ಡಾಂಗ್ ಅಂದರೆ 330-340 ರೂಪಾಯಿ ಅಂತ ಇಟ್ಟುಕೊಂಡರೆ ಸಾಕು.

ಈಗ ರಾಜರ ಸಮಾಧಿಗಳು. ಹ್ವೆಗೆ ಬರೋದೇ ಇವಕ್ಕೆ ಅಂದರೂ ತಪ್ಪಲ್ಲ. ಆದರೆ ಇವು ಊರಿನಲ್ಲಿಲ್ಲ, ನದಿಯ ಮೇಲ್ಭಾಗದಲ್ಲಿ ಚದುರಿಕೊಂಡಿವೆ. ಮಿನ್ ಮಾಂಗ್ ರಾಜನದ್ದು ಸುಮಾರು 12 ಕಿ.ಮೀ. ದೂರ. ಹೋಟೆಲಿನವರೆಲ್ಲ ಡ್ರ್ಯಾಗನ್ ದೋಣಿಯ ಪ್ಯಾಕೇಜ್ ಹೇಳ್ತಾರೆ. ಮೊದಲ ಅರ್ಧ ಗಂಟೆ ನದಿ ಚೆನ್ನಾಗಿರುತ್ತೆ. ಆಮೇಲೆ ದೋಣಿಯ ಮನೆಯವರೇ ಶಾಲು, ಗೌನು, ಚಿತ್ರ, ಫ್ರಿಜ್ಜಿಗೆ ಅಂಟಿಸೋ ಅಯಸ್ಕಾಂತ ಎಲ್ಲ ಹರಡಿಕೊಂಡು ಕೂರ್ತಾರೆ. ಬೇಡ ಅಂದರೂ ಬಿಡಲ್ಲ, ನೀರಿನ ನಡುವೆ ಎದ್ದು ಹೋಗೋದಾದರೂ ಎಲ್ಲಿಗೆ? ಪ್ರವೇಶ ಟಿಕೆಟ್ ಪ್ಯಾಕೇಜಿನಲ್ಲಿ ಸೇರಿಲ್ಲ. ಇಳಿಸಿದ ದಂಡೆಯಿಂದ ಸಮಾಧಿಗೆ ಮತ್ತೆ ನಡಿಗೆ, ಇಲ್ಲವೇ ಬೈಕಿನವನಿಗೆ ದುಡ್ಡು. ನದಿಯಲ್ಲಿ ಹೋಗಲೇಬೇಕು ಅಂದರೆ ಥಿಯೆನ್ ಮು ಪಗೋಡದ ತನಕ ಹೋಗಿ, ಅಷ್ಟು ಸಾಕು.

ಸಮಾಧಿಗಳಿಗೆ ಮಾರನೇ ದಿನ ಕಾರು ಮಾಡಿಕೊಂಡು ಹೋದೆವು. ಅರ್ಧ ದಿನಕ್ಕೆ 6 ಲಕ್ಷ ಡಾಂಗ್, ಮೂರು ಜನಕ್ಕೆ ಹಂಚಿದರೆ ದೋಣಿಗಿಂತ ಜಾಸ್ತಿಯೇನೂ ಆಗಲಿಲ್ಲ. ಬೆಳಿಗ್ಗೆ 7ಕ್ಕೆ ಬಾಗಿಲು ತೆಗೀತಾರೆ. ದೂರದ್ದಕ್ಕೆ ಮೊದಲು ಹೋಗಿ, ವಾಪಸ್ ಬರ್ತಾ ಉಳಿದದ್ದು ನೋಡಿ. ಟೂರ್ ಬಸ್ಸುಗಳೆಲ್ಲ ಒಂಬತ್ತರ ಮೇಲೆ ಬರೋದು. ಮಿನ್ ಮಾಂಗ್ ಸಮಾಧಿಯಲ್ಲಿ ಆ ಹೊತ್ತಿಗೆ ನಾವು ಮೂವರು, ಕಸ ಗುಡಿಸೋ ಒಬ್ಬಾಕೆ, ಅಷ್ಟೆ. ಕೆರೆ, ಸೇತುವೆ, ಪೈನ್ ಮರ, ಒಂದರ ಹಿಂದೆ ಒಂದು ಬಾಗಿಲು. ಒಂದೇ ಸಮಾಧಿಗೆ ಟೈಮ್ ಇದ್ದರೆ ಇದಕ್ಕೇ ಹೋಗಿ.

ಖಾಯ್ ದಿನ್ ಸಮಾಧಿ ಮಂಡಿ ನೋವಿನವರಿಗಲ್ಲ. ಒಟ್ಟು 127 ಮೆಟ್ಟಿಲು. ಅಮ್ಮ ಕೆಳಗೆ ಎಳನೀರು ಕುಡಿಯುತ್ತಾ ಕೂತರು. ಹೊರಗಿನಿಂದ ಕಪ್ಪಗಾದ ಕಾಂಕ್ರೀಟ್, ಒಳಗೆ ಗೋಡೆ ತುಂಬ ಒಡೆದ ಪಿಂಗಾಣಿ, ಗಾಜಿನ ಚೂರು ಅಂಟಿಸಿದ ಕೆಲಸ. 1920ರಲ್ಲಿ ಶುರುಮಾಡಿದ್ದು ಮುಗಿದದ್ದು 1931ಕ್ಕೆ, ರಾಜ ಸತ್ತು ಆರು ವರ್ಷ ಆದ ಮೇಲೆ. ಇದಕ್ಕಾಗಿ ಜನರ ಮೇಲೆ ತೆರಿಗೆ ಏರಿಸಿದ್ದನಂತೆ. ನನಗೆ ಕಣ್ಣಿಗೆ ಹೊಡೆದ ಹಾಗೆನಿಸಿತು. ನನ್ನ ಹೆಂಡತಿಗೆ ಮೂರರಲ್ಲಿ ಇದೇ ಇಷ್ಟ.

ತು ಡುಕ್ ರಾಜನದ್ದು ಸಮಾಧಿ ಅನ್ನೋದಕ್ಕಿಂತ ತೋಟದ ಮನೆ. ಬದುಕಿದ್ದಾಗಲೇ ಕಟ್ಟಿಸಿ, ಅಲ್ಲೇ ಕೆರೆ ಮೇಲಿನ ಮಂಟಪದಲ್ಲಿ ಕೂತು ಪದ್ಯ ಬರೀತಿದ್ದನಂತೆ. ನೂರಕ್ಕೂ ಜಾಸ್ತಿ ಹೆಂಡತಿಯರು, ಆದರೂ ಮಕ್ಕಳಿಲ್ಲ. ಅಪ್ಪನ ಬಗ್ಗೆ ಶಾಸನ ಬರೆಸೋದು ಮಗನ ಕೆಲಸ. ಮಗ ಇಲ್ಲದ್ದರಿಂದ ತನ್ನದನ್ನು ತಾನೇ ಬರೆದ. ಆ ಕಲ್ಲು ಸುಮಾರು 20 ಟನ್. ಅಂಗಳದಲ್ಲಿ ನಿಂತಿರೋ ಕಲ್ಲಿನ ಮಂತ್ರಿಗಳು ಗಿಡ್ಡ. ರಾಜ ಗಿಡ್ಡ ಇದ್ದನಂತೆ, ಅವನಿಗಿಂತ ಇವರು ಎತ್ತರ ಕಾಣಬಾರದಲ್ವಾ?

ಟಿಕೆಟ್ ಬಗ್ಗೆ ಒಂದು ಮಾತು. ನಾವು ಹೋದಾಗ ಕೋಟೆಗೆ 2 ಲಕ್ಷ, ಈ ಮೂರು ಸಮಾಧಿಗಳಿಗೆ ತಲಾ ಒಂದೂವರೆ ಲಕ್ಷ ಡಾಂಗ್. ನಾಲ್ಕೂ ಸೇರಿದ ಟಿಕೆಟ್ 5 ಲಕ್ಷ 30 ಸಾವಿರ, ಎರಡು ದಿನ ನಡೆಯುತ್ತೆ. ಕೌಂಟರಿನಲ್ಲಿ ಅವರಾಗಿ ಹೇಳಲ್ಲ, ನೀವೇ ಕೇಳಬೇಕು.

ಊಟದ ವಿಷಯಕ್ಕೆ ಬರೋಣ. ವಿಯೆಟ್ನಾಂಗೆ ಹೊರಟಾಗ ಅಮ್ಮ ಎರಡು ಕೆಜಿ ಅವಲಕ್ಕಿ, ಚಟ್ನಿಪುಡಿ, ಎಂಟಿಆರ್ ಪೊಟ್ಟಣ ಎಲ್ಲ ಕಟ್ಟಿಕೊಂಡಿದ್ದರು. ಹನೋಯ್‌ನಲ್ಲಿ ಅದೇ ಗತಿಯಾಯಿತು. ಹ್ವೆಯಲ್ಲಿ ಚೀಲ ಬಿಚ್ಚಲೇ ಇಲ್ಲ. ಇದು ಬೌದ್ಧರ ಊರು, ಎಲ್ಲಿ ನೋಡಿದರೂ ಪಗೋಡ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಪಾಡ್ಯ ಬಂದರೆ ಮಾಂಸ ತಿನ್ನೋರೂ ಸಸ್ಯಾಹಾರ ಮಾಡ್ತಾರೆ. ಬೋರ್ಡಿನಲ್ಲಿ ಸಿ, ಎಚ್, ಎ, ವೈ ಈ ನಾಲ್ಕು ಅಕ್ಷರ ಹುಡುಕಿ. ಚಾಯ್ ಅಂದರೆ ಸಸ್ಯಾಹಾರ, ಕಮ್ ಚಾಯ್ ಅಂದರೆ ಅನ್ನದ ಊಟ.

ನಮಗೆ ಸಿಕ್ಕಿದ್ದು ಹೋಟೆಲಿನ ಹಿಂದಿನ ಗಲ್ಲಿಯಲ್ಲಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಗಾಜಿನ ಪೆಟ್ಟಿಗೆಯಲ್ಲಿ ತಟ್ಟೆ ತಟ್ಟೆ ಪಲ್ಯ, ಬೆರಳು ತೋರಿಸಿದರೆ ಅನ್ನದ ಮೇಲೆ ಹಾಕಿ ಕೊಡ್ತಾರೆ. ಟೊಮೆಟೊ ರಸದಲ್ಲಿ ಬೇಯಿಸಿದ ತೋಫು, ಮೆಣಸಿನಕಾಳು ಹಾಕಿ ಮಡಕೆಯಲ್ಲಿ ಬತ್ತಿಸಿದ ಅಣಬೆ, ಬಾಳೆ ಹೂವು, ಸೊಪ್ಪು. ಅಮ್ಮನ ತಟ್ಟೆಯಲ್ಲಿ ಕೆಂಪು ಗೆರೆ ಇರೋ ಬಾಗಿದ ತುಂಡೊಂದು ಬಂತು. "ಇದು ಸಿಗಡಿ ಕಣೋ, ತೆಗಿ ಇದನ್ನ" ಅಂತ ತಟ್ಟೆ ದೂಡಿದರು. ಅಂಗಡಿಯಾಕೆಗೆ ಮಾತು ಅರ್ಥವಾಗದಿದ್ದರೂ ವಿಷಯ ಅರ್ಥವಾಯಿತು. ನಕ್ಕು, ಆ ತುಂಡನ್ನು ಬೆರಳಲ್ಲಿ ಮುರಿದು ಒಳಗಿನ ಬಿಳಿ ಹಿಟ್ಟು ತೋರಿಸಿದರು. ಆಮೇಲೆ ಗೋಡೆ ಮೇಲಿನ ಬುದ್ಧನ ಕಡೆ ಕೈ ಮಾಡಿ "ಚಾಯ್, ಚಾಯ್" ಅಂದರು. ಹಿಟ್ಟು, ಸೋಯಾದಿಂದ ಮೀನು-ಮಾಂಸದ ಆಕಾರ ಮಾಡೋದು ಅಲ್ಲಿ ಮಾಮೂಲು. ಗಾಬರಿಯಾಗಬೇಡಿ. ಅಮ್ಮ ಮಾತ್ರ ಅದನ್ನು ಕೊನೆವರೆಗೂ ಮುಟ್ಟಲಿಲ್ಲ.

ಅವರು ಮುಟ್ಟಿದ್ದು, ಮತ್ತೆ ಮತ್ತೆ ಹಾಕಿಸಿಕೊಂಡಿದ್ದು ಮಿತ್ ಟ್ರೋನ್. ನಮ್ಮ ಕಡೆ ಗುಜ್ಜೆ ಅಂತೀವಲ್ಲ, ಅದೇ ಎಳೆ ಹಲಸಿನಕಾಯಿ. ಬೇಯಿಸಿ ಎಳೆ ಎಳೆ ಬಿಡಿಸಿ, ಹುರಿದ ಕಡಲೆಕಾಯಿ, ಎಳ್ಳು, ಘಾಟು ಸೊಪ್ಪು ಕಲಸಿ ಕೊಡ್ತಾರೆ. ಜೊತೆಗೆ ಎಳ್ಳು ಹಾಕಿದ ದೊಡ್ಡ ಅಕ್ಕಿ ಹಪ್ಪಳ. ಹಪ್ಪಳ ಮುರಿದು ಅದರಲ್ಲೇ ಗೋರಿಕೊಂಡು ತಿನ್ನೋದು. ಸಾಗರದ ನಮ್ಮಮ್ಮನಿಗೆ ಗುಜ್ಜೆ ಹೀಗೂ ಆಗುತ್ತೆ ಅನ್ನೋದೇ ಆಶ್ಚರ್ಯ. ಒಂದು ತಟ್ಟೆ ಊಟ 30 ಸಾವಿರ ಡಾಂಗ್, ನೂರು ರೂಪಾಯಿ. ಮೊದಲ ದಿನ ಕಾಲು ಚೋಟುದ್ದದ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂರೋಕೆ ಅಮ್ಮ ಒದ್ದಾಡಿದ್ದು ನೋಡಿ, ಎರಡನೇ ದಿನದಿಂದ ಆಕೆ ಒಳಗಿನಿಂದ ಮರದ ಕುರ್ಚಿ ತಂದು ಹಾಕೋರು. ಹನ್ನೊಂದೂವರೆಗೆ ಹೋಗಿ, ಒಂದು ಗಂಟೆಗೆ ಪೆಟ್ಟಿಗೆ ಖಾಲಿ.

ಇಂಗ್ಲಿಷ್ ಮೆನು ಇರೋ ಪ್ರವಾಸಿ ಹೋಟೆಲುಗಳಲ್ಲಿ 'ವೆಜಿಟೆಬಲ್ ನೂಡಲ್ಸ್' ಅಂತ ಇದ್ದರೆ ನಂಬಿ ತಗೋಬೇಡಿ. ತರಕಾರಿ ಇರುತ್ತೆ, ಕೆಳಗಿನ ಸಾರು ಮೂಳೆಯದ್ದಿರಬಹುದು, ಉಪ್ಪಿನ ಬದಲು ಮೀನಿನ ಸಾಸ್ ಇರಬಹುದು.

ಕೋಟೆ ಬಗ್ಗೆ ಎಲ್ಲ ಕಡೆ ಬರೆದಿದ್ದಾರೆ, ನಾನು ಚಿಕ್ಕದಾಗಿ ಹೇಳ್ತೀನಿ. ನ್ವೆನ್ ವಂಶದವರು 1802ರಿಂದ 1945ರವರೆಗೆ ಇಲ್ಲಿಂದ ಆಳಿದರು. 1968ರ ಯುದ್ಧದಲ್ಲಿ ಬಹಳಷ್ಟು ಹಾಳಾಯಿತು. ಹಾಗಾಗಿ ಒಳಗೆ ಹೊಸದಾಗಿ ಬಣ್ಣ ಬಳಿದ ಅರಮನೆ ಪಕ್ಕದಲ್ಲೇ ಬರೀ ಹುಲ್ಲು ಬೆಳೆದ ಅಡಿಪಾಯ ಕಾಣುತ್ತೆ. ನೆರಳು ಕಡಿಮೆ, ಕೊಡೆ ಬೇಕೇ ಬೇಕು. ಎಲ್ಲರೂ ಎದುರಿನ ಅರಮನೆಯಲ್ಲೇ ಮುತ್ತಿಕೊಂಡಿರ್ತಾರೆ. ನೀವು ಎಡಕ್ಕೆ ತಿರುಗಿ ಥೆ ಮಿಯೆವ್ ಗುಡಿ ಕಡೆ ಹೋಗಿ. ಅದರ ಮುಂದೆ 1830ರ ದಶಕದಲ್ಲಿ ಎರಕ ಹೊಯ್ದ ಒಂಬತ್ತು ಕಂಚಿನ ಕೊಪ್ಪರಿಗೆಗಳಿವೆ. ದೇಶದ ನದಿ, ಬೆಟ್ಟ, ಪ್ರಾಣಿ, ಬೆಳೆ ಎಲ್ಲ ಅವುಗಳ ಮೈಮೇಲೆ ಕೆತ್ತಿದ್ದಾರೆ. ಅಡಿಕೆ ಮರ ಕೂಡ ಇದೆ. ಅಮ್ಮ ಬಿಸಿಲಲ್ಲಿ ನಿಂತು ಅದನ್ನು ಹುಡುಕಿಯೇ ಬಿಟ್ಟರು. ಹೊರಗೆ ಹೋಗೋದು ಪೂರ್ವದ ಬಾಗಿಲಿನಿಂದ, ಬಂದ ಬಾಗಿಲಿನಿಂದಲ್ಲ. ಕಾರನ್ನು ಅಲ್ಲಿಗೇ ಕರೆಸಿಕೊಳ್ಳಿ.

ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹೋಗಬೇಡಿ, ಮಳೆ ಅಂದರೆ ಪ್ರವಾಹದ ಮಳೆ. ಜೂನ್, ಜುಲೈ ಬಿಸಿಲು ಹಿರಿಯರಿಗೆ ಆಗಲ್ಲ. ಫೆಬ್ರವರಿಯಿಂದ ಏಪ್ರಿಲ್ ಸರಿ.

ಹ್ವೆಯಿಂದ ಮುಂದೆ ಡಾ ನಾಂಗ್, ಹೋಯ್ ಆನ್ ಕಡೆ ಹೋಗೋರು ಅದಕ್ಕೂ ರೈಲೇ ಹಿಡಿಯಿರಿ. ಕಾರು, ಬಸ್ಸು ಸುರಂಗದೊಳಗೆ ಹೋಗಿಬಿಡುತ್ತವೆ. ರೈಲು ಹಾಯ್ ವಾನ್ ಬೆಟ್ಟದ ಅಂಚಿನಲ್ಲಿ ಸಮುದ್ರದ ಪಕ್ಕದಲ್ಲೇ ಹೋಗುತ್ತೆ, ಡಾ ನಾಂಗ್‌ಗೆ ಎರಡೂವರೆ-ಮೂರು ಗಂಟೆ. ದಕ್ಷಿಣಕ್ಕೆ ಹೋಗುವಾಗ ಎಡಗಡೆ ಕಿಟಕಿ ಕೇಳಿ. ಬರ್ತು ಬೇಡ, ಕೂರೋ ಸೀಟೇ ಸಾಕು. ರೈಲಿನ ತಳ್ಳುಗಾಡಿಯ ಊಟ ನಂಬಿಕೊಳ್ಳಬೇಡಿ, ಕಮ್ ಚಾಯ್ ಅಂಗಡಿಯಲ್ಲೇ ಕಟ್ಟಿಸಿಕೊಂಡು ಹೊರಡಿ. ಹಪ್ಪಳ ಬೇರೆ ಕವರಿನಲ್ಲಿ ಹಾಕಿಸಿ, ಇಲ್ಲದಿದ್ದರೆ ಮೆತ್ತಗಾಗುತ್ತೆ.